ಡಿಎಸ್‌ಜಿ ಗೇರ್‌ಬಾಕ್ಸ್ ಜಗ್ಗುತ್ತಿದೆಯಾ? ಬಿಚ್ಚುವ ಮುಂಚೆ ಇಷ್ಟು ನೋಡಿ

ಸಿಗ್ನಲ್ ಬಿಟ್ಟ ಕೂಡಲೇ ಕಾರು ಗಡಗಡ ನಡುಗುತ್ತದೆ. ಹಂಪ್ ಹತ್ತಿರ ನಿಧಾನ ಮಾಡಿದರೆ ಹಿಂದಿನಿಂದ ಯಾರೋ ಗುದ್ದಿದ ಹಾಗಾಗುತ್ತದೆ. ಗ್ಯಾರೇಜಿಗೆ ಹೋದರೆ ಬಾನೆಟ್ ಎತ್ತುವ ಮೊದಲೇ ತೀರ್ಪು ಬರುತ್ತದೆ: "ಸರ್, ಮೆಕಾಟ್ರಾನಿಕ್ ಹೋಗಿದೆ. ಹೊಸದೇ ಹಾಕಬೇಕು." ಗೇರ್‌ಬಾಕ್ಸ್ ನಡೆಸುವ ಆ ಘಟಕದ ಬೆಲೆ ಕೇಳಿದರೆ ಕಾರನ್ನೇ ಮಾರಿಬಿಡೋಣ ಅನ್ನಿಸುತ್ತದೆ.

ಅವಸರ ಬೇಡ. ಡಿಎಸ್‌ಜಿ ಅಂದರೆ ಎರಡು ಕ್ಲಚ್ ಇರುವ (ಡ್ಯುಯಲ್ ಕ್ಲಚ್) ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಅದರ ವಿಷಯದಲ್ಲಿ ಜರ್ಕ್ ಎಷ್ಟು ಜೋರಾಗಿದೆ ಅನ್ನುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅದು ಯಾವ ಗೇರಿನಲ್ಲಿ, ಯಾವಾಗ ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಅದನ್ನು ನೋಡಲು ಬೇಕಾಗಿರುವುದು ಒಂದು ಖಾಲಿ ರಸ್ತೆ, ಸ್ವಲ್ಪ ತಾಳ್ಮೆ.

ಮೊದಲು ಯಾವ ಗೇರ್‌ಬಾಕ್ಸ್ ಅಂತ ತಿಳಿದುಕೊಳ್ಳಿ

ಇಲ್ಲಿ ಹೇಳುವುದು ಮುಖ್ಯವಾಗಿ ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಕಾರುಗಳಲ್ಲಿರುವ 7 ಗೇರಿನ, ಒಣ ಕ್ಲಚ್‌ನ ಡಿಎಸ್‌ಜಿ ಬಗ್ಗೆ. ಕಂಪನಿ ಅದಕ್ಕೆ ಇಟ್ಟ ಹೆಸರು ಡಿಕ್ಯೂ200. ನಮ್ಮಲ್ಲಿ 2013ರ ಪೋಲೋ ಜಿಟಿ ಟಿಎಸ್‌ಐನಿಂದ ಹಿಡಿದು ಸ್ಲಾವಿಯಾ, ವರ್ಟಸ್, ಕುಶಾಕ್, ಟೈಗನ್‌ಗಳ 1.5 ಟಿಎಸ್‌ಐ ಡಿಎಸ್‌ಜಿ ತನಕ ಇದೇ ಮನೆತನ. ಅದೇ ಕಾರುಗಳ 1.0 ಟಿಎಸ್‌ಐ ಆಟೋಮ್ಯಾಟಿಕ್‌ನಲ್ಲಿ ಇರುವುದು ಟಾರ್ಕ್ ಕನ್ವರ್ಟರ್. ಅದು ಬೇರೆಯೇ ಕಥೆ, ಇಲ್ಲಿಯದು ಅದಕ್ಕೆ ಹೊಂದುವುದಿಲ್ಲ.

ಡಿಕ್ಯೂ200 ಒಳಗೆ ಎರಡು ಕ್ಲಚ್ ಇವೆ. ಕೆ1 ಅನ್ನುವುದು 1, 3, 5, 7ನೇ ಗೇರ್ ನೋಡಿಕೊಳ್ಳುತ್ತದೆ. ಕೆ2 ಪಾಲಿಗೆ 2, 4, 6 ಮತ್ತು ರಿವರ್ಸ್. ಕಾರು ಒಂದನೇ ಗೇರಿನಲ್ಲಿ ಹೋಗುತ್ತಿರುವಾಗಲೇ ಎರಡನೆಯದು ಆ ಕಡೆ ಬಿದ್ದು ಕಾಯುತ್ತಿರುತ್ತದೆ. ಗೇರ್ ಬದಲಾಗುವುದು ಅಂದರೆ ಕೆ1 ಬಿಡುತ್ತಾ ಬರುವಾಗ ಕೆ2 ಹಿಡಿಯುತ್ತಾ ಬರುವುದು, ತುಂಬಿದ ಕೊಡವನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ. ಒಂದು ಬೇಗ ಬಿಟ್ಟರೆ ಎಂಜಿನ್ ಸುಮ್ನೆ ರೇಸ್ ಆಗುತ್ತದೆ. ತಡವಾಗಿ ಬಿಟ್ಟರೆ ಗುದ್ದು. ಕ್ಲಚ್ ಸವೆಯುತ್ತಾ ಹೋದ ಹಾಗೆ ಅದು ಹಿಡಿಯುವ ಜಾಗವೂ ಬದಲಾಗುತ್ತದೆ. ಗೇರ್‌ಬಾಕ್ಸಿನ ಕಂಪ್ಯೂಟರ್ ಆ ಜಾಗವನ್ನು ಕಲಿಯುತ್ತಾ ತಾನೂ ಸರಿದುಕೊಳ್ಳುತ್ತದೆ. ಇದಕ್ಕೆ ಅಡಾಪ್ಟೇಶನ್ ಅನ್ನುತ್ತಾರೆ.

ಇದನ್ನೆಲ್ಲ ನಡೆಸುವುದು ಮೆಕಾಟ್ರಾನಿಕ್. ಕಂಪ್ಯೂಟರ್, ವಾಲ್ವ್, ಕರೆಂಟಿನಲ್ಲಿ ಓಡುವ ಪಂಪು, ಒತ್ತಡ ಹಿಡಿದಿಡುವ ಅಕ್ಯುಮುಲೇಟರ್ ಎಲ್ಲ ಅದರಲ್ಲೇ ಇವೆ. ಅದಕ್ಕೆ ಸುಮಾರು 1 ಲೀಟರ್ ಹೈಡ್ರಾಲಿಕ್ ಎಣ್ಣೆ. ಗೇರುಗಳಿಗೆ ಪ್ರತ್ಯೇಕವಾಗಿ 1.7 ಲೀಟರ್ ಗೇರ್ ಆಯಿಲ್. ಕ್ಲಚ್‌ಗೆ ಎಣ್ಣೆಯ ಸಂಬಂಧವೇ ಇಲ್ಲ, ಅದು ಒಣ ಕ್ಲಚ್. ಹಾಗಾಗಿ "ಆಯಿಲ್ ಚೇಂಜ್ ಮಾಡಿದರೆ ನಡುಕ ಹೋಗುತ್ತೆ" ಅಂತ ಯಾರಾದರೂ ಈ ಗೇರ್‌ಬಾಕ್ಸ್‌ಗೆ ಹೇಳಿದರೆ, ಬೇರೆ ಗ್ಯಾರೇಜ್ ಹುಡುಕುವುದು ಒಳ್ಳೆಯದು. 6 ಗೇರಿನ ಒದ್ದೆ ಕ್ಲಚ್ ಡಿಕ್ಯೂ250ಗೆ ಆ ಮಾತು ಸರಿ. ಅದಕ್ಕೆ 60,000 ಕಿ.ಮೀ.ಗೊಮ್ಮೆ ಎಣ್ಣೆ ಬದಲಾಯಿಸಲೇಬೇಕು. ಎಣ್ಣೆ ಹಳತಾದರೆ ಅಲ್ಲಿ ಶಿಫ್ಟ್ ಕೆಡುವುದು ನಿಜ.

ದೋಷವೇ ಅಲ್ಲದವು

ಡ್ರೈವರ್ ಬಾಗಿಲು ತೆಗೆದಾಗ ಎಂಜಿನ್ ಕಡೆಯಿಂದ "ಗುಂಯ್" ಅಂತ ಸದ್ದು ಬಂದರೆ ಅದು ಪಂಪು ಒತ್ತಡ ತುಂಬುವ ಸದ್ದು. ನಿಲ್ಲುವ ಮುಂಚೆ ಎರಡರಿಂದ ಒಂದಕ್ಕೆ ಇಳಿಯುವಾಗ ಸಣ್ಣ "ಟಕ್" ಕೂಡ ಸಾಮಾನ್ಯ. ಹಳ್ಳ ದಿಣ್ಣೆಯ ಮೇಲೆ ಕ್ಲಚ್ ಪ್ಯಾಕ್ ತಟತಟ ಅನ್ನುವುದೂ ಉಂಟು. ನಿಧಾನವಾಗಿ ಹೋಗುತ್ತಾ ಇದ್ದಕ್ಕಿದ್ದಂತೆ ಆಕ್ಸಿಲರೇಟರ್ ಒತ್ತಿದರೆ ಅರೆಕ್ಷಣ ಯೋಚಿಸಿ ಆಮೇಲೆ ನುಗ್ಗುತ್ತದೆ. ನೀವು ಸ್ಪೀಡ್ ಇಳಿಸುತ್ತೀರಿ ಅಂದುಕೊಂಡು ಕೆಳಗಿನ ಗೇರ್ ಸಿದ್ಧ ಮಾಡಿಟ್ಟಿರುತ್ತದೆ, ನೀವು ಉಲ್ಟಾ ಹೊಡೆದಿರಿ, ಅಷ್ಟೇ. ಕಾರು ಹೊಸದಿದ್ದಾಗಲೂ ಹೀಗೇ ಇತ್ತಾ ಅಂತ ನೆನಪು ಮಾಡಿಕೊಳ್ಳಿ. ಇತ್ತು ಅಂದರೆ ಬಿಟ್ಟುಬಿಡಿ. ಈಚೆಗೆ ಬಂದಿದೆ, ಜಾಸ್ತಿಯಾಗುತ್ತಿದೆ ಅಂದರೆ ಮಾತ್ರ ಮುಂದಕ್ಕೆ ಹೋಗಿ.

ಹೊರಗಿನ ಕಾರಣಗಳು ಮೊದಲು

ಗೇರ್‌ಬಾಕ್ಸ್ ಒಳಗೆ ಕೈ ಹಾಕುವ ಮುಂಚೆ ಅದರ ಸುತ್ತ ಇರುವುದನ್ನು ನೋಡಿ. ಖರ್ಚು ಕಡಿಮೆ, ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಬ್ಯಾಟರಿಯಿಂದ ಶುರು ಮಾಡಿ. ಮೆಕಾಟ್ರಾನಿಕ್‌ನ ಪಂಪು ಕರೆಂಟಿನಲ್ಲಿ ಓಡುತ್ತದೆ. ವೋಲ್ಟೇಜ್ ಕುಸಿದರೆ ಏನೇನೋ ಎರರ್ ಬರುತ್ತವೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ ಮಲ್ಟಿಮೀಟರ್ ಇಟ್ಟರೆ 12.4ರಿಂದ 12.7 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಹೆಚ್ಚುಕಮ್ಮಿ 13.8ರಿಂದ 14.7. ಬ್ಯಾಟರಿ ಸರಿ ಇದ್ದರೂ ಗೇರ್‌ಬಾಕ್ಸ್‌ನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆಯಾ ನೋಡಿ. ಕರಾವಳಿ ಕಡೆಯ ಕಾರುಗಳಲ್ಲಿ ಇದನ್ನು ಮರೆಯಬಾರದು.

ಬ್ರೇಕ್ ಸ್ವಿಚ್ ಇನ್ನೊಂದು. ಬ್ರೇಕ್ ಒತ್ತಿದ್ದೀರೋ ಬಿಟ್ಟಿದ್ದೀರೋ ಅನ್ನುವುದನ್ನು ನೋಡಿಯೇ ಗೇರ್‌ಬಾಕ್ಸ್ ಕ್ಲಚ್ ಹಿಡಿಯುವುದು. ಸ್ವಿಚ್ ಕೈಕೊಟ್ಟರೆ ಕಾರು ನಿಂತಲ್ಲೇ ಮುಗ್ಗರಿಸುತ್ತದೆ. ಹಿಂದೆ ಒಬ್ಬರನ್ನು ನಿಲ್ಲಿಸಿ, ಪೆಡಲ್ ಸ್ವಲ್ಪವೇ ಒತ್ತಿ ಬಿಡುತ್ತಾ, ಲೈಟು ತಪ್ಪದೆ ಹತ್ತಿ ಆರುತ್ತಿದೆಯಾ ಕೇಳಿ.

ಆಮೇಲೆ ಎಂಜಿನ್. ಎಂಜಿನ್ ಎಷ್ಟು ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿದೆ ಅನ್ನುವ ಲೆಕ್ಕವನ್ನು ಎಂಜಿನ್ ಕಂಪ್ಯೂಟರ್ ಹೇಳುತ್ತದೆ. ಅದನ್ನು ನಂಬಿ ಗೇರ್‌ಬಾಕ್ಸ್ ಕ್ಲಚ್ ಒತ್ತುತ್ತದೆ. ಒಂದು ಕಾಯಿಲ್ ಸೋತಿದ್ದರೆ, ಪ್ಲಗ್ ಹಳತಾಗಿದ್ದರೆ, ಥ್ರಾಟಲ್ ಬಾಡಿ ಮಸಿ ಹಿಡಿದಿದ್ದರೆ ಆ ಲೆಕ್ಕ ಸುಳ್ಳಾಗುತ್ತದೆ. ಕಾರು ನಡುಗುತ್ತದೆ, ಬೈಗುಳ ಗೇರ್‌ಬಾಕ್ಸಿಗೆ. ರೀಮ್ಯಾಪ್ ಮಾಡಿಸಿದ, ಅಂದರೆ ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸಿದ ಕಾರುಗಳಲ್ಲೂ ಹೀಗೇ. ಡಿಕ್ಯೂ200 ತಡೆಯುವುದು 250 ನ್ಯೂಟನ್ ಮೀಟರ್. ಪೋಲೋದ 1.2 ಟಿಎಸ್‌ಐ ಕೊಡುವುದು 175, ಅಲ್ಲಿ ಜಾಗ ಇದೆ. 1.5 ಟಿಎಸ್‌ಐ ಕಂಪನಿಯಿಂದ ಬರುವಾಗಲೇ 250 ಕೊಡುತ್ತದೆ. ಅದರ ಮೇಲೆ ಇನ್ನಷ್ಟು ಏರಿಸಿ, ಆಮೇಲೆ ಕ್ಲಚ್ ಜಾರುತ್ತದೆ ಅಂದರೆ ಏನು ಹೇಳುವುದು?

ಕೊನೆಗೆ ಎಂಜಿನ್ ಮೌಂಟ್, ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಕಾರಿಗೆ ಹಿಡಿದಿಡುವ ರಬ್ಬರಿನ ಕಟ್ಟು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜನ ಹೆಚ್ಚು ಮೋಸಹೋಗುವುದು ಇಲ್ಲೇ. ಪರಿಚಯದ ಒಬ್ಬರ ಕಾರು ಡಿ ಹಾಕಿದರೆ "ಧಡ್", ಆರ್ ಹಾಕಿದರೆ "ಧಡ್". ಟ್ರಾಫಿಕ್‌ನಲ್ಲಿ ಒಂದರಿಂದ ಎರಡಕ್ಕೆ ಹೋಗುವಾಗ ತಲೆ ಮುಂದಕ್ಕೆ ವಾಲುತ್ತಿತ್ತು. ಒಂದು ಗ್ಯಾರೇಜಿನವರು ಮೆಕಾಟ್ರಾನಿಕ್ ಅಂದಿದ್ದರು. ಸ್ಕ್ಯಾನ್ ಮಾಡಿದರೆ ಗೇರ್‌ಬಾಕ್ಸಿನಲ್ಲಿ ಒಂದು ಎರರ್ ಕೋಡೂ ಇರಲಿಲ್ಲ. ಬಾನೆಟ್ ಎತ್ತಿ ಪಕ್ಕದಲ್ಲಿ ನಿಂತು, ಅವರಿಗೆ ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಡಿ, ಆರ್, ಡಿ ಅಂತ ಬದಲಾಯಿಸಲು ಹೇಳಿದೆ. ಪ್ರತಿ ಸಲವೂ ಎಂಜಿನ್ ಬುಡದಿಂದ ಎದ್ದು ಕೂರುತ್ತಿತ್ತು. ಕಾರನ್ನು ಲಿಫ್ಟಿಗೆ ಹಾಕಿ ನೋಡಿದಾಗ, ಗೇರ್‌ಬಾಕ್ಸನ್ನು ಸಬ್‌ಫ್ರೇಮಿಗೆ ಕಟ್ಟಿ ಹಿಡಿಯುವ ಕೆಳಗಿನ ಮೌಂಟಿನ ರಬ್ಬರು ಅರ್ಧ ಸೀಳಿತ್ತು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಬೆರಳು ಹೋಗುವಷ್ಟು ಬಾಯಿ ಬಿಡುತ್ತಿತ್ತು. ಮೌಂಟ್ ಬದಲಾಯಿಸಿದ ಮೇಲೆ ಜರ್ಕ್ ಇಲ್ಲ. ಈ ಪರೀಕ್ಷೆ ಮಾಡುವಾಗ ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕಾರಿನ ಮುಂದೆ ಅಥವಾ ಹಿಂದೆ ಯಾರೂ ನಿಲ್ಲಬೇಡಿ.

ರಸ್ತೆ ಪರೀಕ್ಷೆ: ಕೆ1 ಅಥವಾ ಕೆ2?

ಹೊರಗಿನದೆಲ್ಲ ಸರಿ ಇದೆ ಅಂತಾದರೆ ಕಾರು ಓಡಿಸಿ ನೋಡಬೇಕು. ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ, ಊರ ಟ್ರಾಫಿಕ್‌ನಲ್ಲಿ ಇಪ್ಪತ್ತು ನಿಮಿಷ ಸುತ್ತಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ. ಒಣ ಕ್ಲಚ್‌ನ ನಡುಕ ಹೆಚ್ಚಾಗಿ ಬಿಸಿಯಲ್ಲೇ ಬಾಯಿ ಬಿಡುವುದು. ಗ್ಯಾರೇಜಿನವರು ತಣ್ಣಗಿನ ಕಾರು ಓಡಿಸಿ "ಏನೂ ಇಲ್ವಲ್ಲ ಸರ್" ಅನ್ನುವುದೂ ಇದಕ್ಕೇ.

ಸಮತಟ್ಟಾದ ರಸ್ತೆಯಲ್ಲಿ ನಿಲ್ಲಿಸಿ. ಡಿ ಹಾಕಿ ಬ್ರೇಕ್ ಬಿಡಿ. ಕಾರು ತಾನಾಗಿ ತೆವಳಲಿ. ಆಮೇಲೆ ಆಕ್ಸಿಲರೇಟರನ್ನು ಹಗುರಾಗಿ ಒತ್ತಿ. ಈಗ ಕೆಲಸ ಮಾಡುತ್ತಿರುವುದು ಕೆ1. ನಿಂತಲ್ಲಿಂದ 15 ಕಿ.ಮೀ. ವೇಗದ ತನಕ ಸೀಟು, ಸ್ಟೀರಿಂಗ್ ನಡುಗಿದರೆ ಅದನ್ನು ಬರೆದಿಟ್ಟುಕೊಳ್ಳಿ.

ಇನ್ನು ರಿವರ್ಸ್. ಸಣ್ಣ ಏರಿನಲ್ಲಿ ಹಿಂದಕ್ಕೆ ಹತ್ತಿಸಿ. ಈಗ ಭಾರ ಬೀಳುವುದು ಕೆ2 ಮೇಲೆ. ಮುಂದಕ್ಕೆ ಹೋಗುವಾಗ ನಡುಕ ಇದ್ದು ರಿವರ್ಸ್ ನಯವಾಗಿದ್ದರೆ ಅನುಮಾನ ಕೆ1 ಮೇಲೆ. ಒಂದನೇ ಗೇರ್ ಸರಿ ಇದ್ದು, ಹಂಪ್ ದಾಟಿ ಎರಡನೇ ಗೇರಿನಲ್ಲೇ ಎಳೆಯುವಾಗ ಮತ್ತು ರಿವರ್ಸ್‌ನಲ್ಲಿ ನಡುಗಿದರೆ ಕೆ2. ಎರಡೂ ಕಡೆ ಒಂದೇ ಥರ ನಡುಗಿದರೆ ಮತ್ತೆ ಮೌಂಟ್, ಎಂಜಿನ್ ಕಡೆ ನೋಡಿ. ಅಲ್ಲಿ ಏನೂ ಸಿಗದಿದ್ದರೆ ಕ್ಲಚ್ ಮೇಲೆ ಎಣ್ಣೆ ಬಿದ್ದಿರಬಹುದು, ಇಲ್ಲವೇ ಎರಡೂ ಸವೆದಿರಬಹುದು. ಡಿಕ್ಯೂ250 ಇರುವವರು ಇದನ್ನು ಹಾಗೇ ನಕಲು ಮಾಡಬೇಡಿ. ಅದರಲ್ಲಿ ರಿವರ್ಸ್ ಇರುವುದು 1, 3, 5ರ ಕಡೆ.

ಮೂರನೆಯ ಪರೀಕ್ಷೆ ಹೈವೇಯಲ್ಲಿ. ಮ್ಯಾನ್ಯುಯಲ್ ಮೋಡಿಗೆ ಹಾಕಿ ನಾಲ್ಕನೇ ಗೇರಿನಲ್ಲಿ 1,500 ಆರ್‌ಪಿಎಂ ಸುಮಾರಿಗೆ ಇರುವಾಗ ಆಕ್ಸಿಲರೇಟರ್ ಚೆನ್ನಾಗಿ ಒತ್ತಿ. ಆರ್‌ಪಿಎಂ ಮತ್ತು ವೇಗ ಜೊತೆಜೊತೆಯಾಗಿ ಏರಬೇಕು. ಮುಳ್ಳು ಮೇಲಕ್ಕೆ ಹಾರಿ ಕಾರು ಹಿಂದೆ ಉಳಿದರೆ ಕೆ2 ಜಾರುತ್ತಿದೆ. ಐದನೇ ಗೇರಿನಲ್ಲೂ ಮಾಡಿ, ಅದು ಕೆ1ರ ಲೆಕ್ಕ. ಒಂದೇ ವೇಗದಲ್ಲಿ ಹೋಗುತ್ತಿರುವಾಗಲೂ ನಡುಕ ಇದ್ದರೆ ಅದು ಗೇರ್ ಹಾಕುವ ತೊಂದರೆ ಅಲ್ಲವೇ ಅಲ್ಲ. ಆಗ ಕ್ಲಚ್ ಪೂರ್ತಿ ಹಿಡಿದಿರುತ್ತದೆ. ಮಿಸ್‌ಫೈರ್, ಆಕ್ಸಲ್ ಜಾಯಿಂಟ್, ಟೈರ್ ಬ್ಯಾಲೆನ್ಸ್ ನೋಡಿ.

ಗೇರ್‌ಗಳೇ ಮಾಯವಾದರೆ ಅದು ಇನ್ನೂ ಸ್ಪಷ್ಟ ಸುಳಿವು. 2, 4, 6 ಬರುತ್ತಿಲ್ಲ, ರಿವರ್ಸೂ ಇಲ್ಲ, ಆದರೆ 1ರಿಂದ ನೇರ 3ಕ್ಕೆ ಹಾರಿ ಓಡುತ್ತದೆ ಅಂದರೆ ಕಂಪ್ಯೂಟರ್ ಕೆ2 ಇರುವ ಅರ್ಧವನ್ನು ಮುಚ್ಚಿಬಿಟ್ಟಿದೆ. ಆರನೇ ಗೇರ್ ಮತ್ತು ರಿವರ್ಸ್ ಮಾತ್ರ ತಕರಾರು ಮಾಡುತ್ತಿದ್ದರೆ ಆ ಎರಡನ್ನೂ ತಳ್ಳುವ ಫೋರ್ಕ್ ಮೇಲೆ ಅನುಮಾನ ಪಡಬಹುದು. ಅದರ ಬೇರಿಂಗ್ ಪುಡಿಯಾಗುವುದು ಈ ಗೇರ್‌ಬಾಕ್ಸಿನ ಗೊತ್ತಿರುವ ಕಾಯಿಲೆ. ಆ ಹಂತದಲ್ಲಿ ಓಡಿಸುತ್ತಾ ಇರುವುದು ಬೇಡ. ಲೋಹದ ಚೂರು ಗೇರುಗಳ ನಡುವೆ ತಿರುಗುತ್ತಿರುತ್ತದೆ.

ಸ್ಕ್ಯಾನರ್ ಹಾಕುವಾಗ

ಕೋಡ್ ಅಳಿಸುವ ಮುಂಚೆ ಫೋಟೋ ತೆಗೆದುಕೊಳ್ಳಿ. ಎಷ್ಟೋ ಕಡೆ ಮೊದಲು ಮಾಡುವ ಕೆಲಸವೇ ಅಳಿಸುವುದು. ಯಾವ ಕೋಡ್, ಎಷ್ಟು ಕಿ.ಮೀ. ಆದಾಗ ಬಂತು, ಆಗ ಬಿಸಿ ಎಷ್ಟಿತ್ತು ಅನ್ನುವ ವಿವರ ಎಲ್ಲ ಅದರ ಜೊತೆ ಹೋಗಿಬಿಡುತ್ತದೆ. ಎಂಜಿನ್ ಮಾತ್ರ ಓದುವ ಅಗ್ಗದ ಓಬಿಡಿ ಸಾಧನ ಇಲ್ಲಿ ಸಾಲದು. ಗೇರ್‌ಬಾಕ್ಸ್ ಕಂಪ್ಯೂಟರ್ ಓದುವ ವಿಸಿಡಿಎಸ್, ಓಬಿಡಿ ಇಲೆವೆನ್ ಅಥವಾ ಕಂಪನಿಯ ಒಡಿಸ್ ಬೇಕು.

ನೋಡಬೇಕಾದ್ದು ಕೋಡ್ ಅಷ್ಟೇ ಅಲ್ಲ. ಲೈವ್ ಡೇಟಾದಲ್ಲಿ ಕೆ1, ಕೆ2 ಎರಡರ ಬಿಸಿ, ಅಡಾಪ್ಟೇಶನ್ ಅಂಕಿ, ಹೈಡ್ರಾಲಿಕ್ ಒತ್ತಡ ಸಿಗುತ್ತವೆ. ಒಂದೇ ದಿನದ ಅಂಕಿ ನೋಡಿ ಕ್ಲಚ್ ಸತ್ತಿದೆ ಅನ್ನಲಾಗದು. ಎರಡು ಕ್ಲಚ್‌ಗಳ ನಡುವೆ ಅಂತರ ಎಷ್ಟು, ಕೆಲವು ವಾರ ಬಿಟ್ಟು ನೋಡಿದಾಗ ಎಷ್ಟು ಸರಿದಿದೆ ಅನ್ನುವುದು ನಿಜವಾದ ಮಾತು.

ಒತ್ತಡದ ಅಂಕಿ ಮಾತ್ರ ಕೂತು ನೋಡುವಂಥದ್ದು. ಕಾರು ನಿಂತಿರಲಿ, ಪಿ ಯಲ್ಲಿರಲಿ. ಒತ್ತಡ ಸುಮಾರು 60 ಬಾರ್‌ಗೆ ಏರಿ ಪಂಪು ನಿಲ್ಲುತ್ತದೆ. ಆಮೇಲೆ ನಿಧಾನವಾಗಿ ಇಳಿದು 40ರ ಆಸುಪಾಸಿಗೆ ಬಂದಾಗ ಪಂಪು ಮತ್ತೆ ಗುಂಯ್ ಅನ್ನುತ್ತದೆ. ಆರೋಗ್ಯವಾಗಿದ್ದರೆ ಈ ಇಳಿತ ನಿಧಾನ. ನೀವು ಏನೂ ಮಾಡದೆ ಕೂತಿದ್ದರೂ ಅಂಕಿ ಜರ್ರನೆ ಬಿದ್ದು ಪಂಪು ಪದೇಪದೇ ಓಡುತ್ತಿದ್ದರೆ ಒತ್ತಡ ಎಲ್ಲೋ ಸೋರುತ್ತಿದೆ. ಪಿ17ಬಿಎಫ್ ಅಥವಾ ಪಿ189ಸಿ ಕೋಡ್ ಬರುವುದು ಇದೇ ಜಾಡಿನಲ್ಲಿ. ಪಂಪು ಎಷ್ಟು ಓಡಿದರೂ ಒತ್ತಡ ನಿಲ್ಲುತ್ತಿಲ್ಲ ಅನ್ನುವುದು ಅದರ ಅರ್ಥ. ಆಗ ಗೇರ್‌ಬಾಕ್ಸಿನ ಮುಂಬದಿಯಲ್ಲಿ, ಮೆಕಾಟ್ರಾನಿಕ್ ಕೂತಿರುವ ಕಡೆ, ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಎಣ್ಣೆ ಒದ್ದೆಯಾಗಿದ್ದರೆ ಅಕ್ಯುಮುಲೇಟರ್ ಕೂರುವ ಅಲ್ಯೂಮಿನಿಯಂ ಮೈ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು. ಆ ಮೈ ಮಾತ್ರ ಬದಲಾಯಿಸಿ ಕೊಡುವ ಪರಿಣತರು ದೊಡ್ಡ ಊರುಗಳಲ್ಲಿ ಇದ್ದಾರೆ. ಇಡೀ ಮೆಕಾಟ್ರಾನಿಕ್ ಕೊಳ್ಳುವ ಮುಂಚೆ ಅವರನ್ನು ಕೇಳಿ.

ಕೋಡ್ ಇಲ್ಲ, ಒತ್ತಡ ಸರಿ ಇದೆ, ಬಿಸಿಯಲ್ಲಿ ಮಾತ್ರ ನಡುಕ ಅಂದರೆ ಮೆಕಾಟ್ರಾನಿಕ್ ಬಿಟ್ಟು ಕ್ಲಚ್ ಕಡೆ ಹೋಗಿ. ಅಲ್ಲಿಗೂ ಮುಂಚೆ ಒಮ್ಮೆ ಬೇಸಿಕ್ ಸೆಟ್ಟಿಂಗ್ ಮಾಡಿಸಿ, ಅಂದರೆ ಕ್ಲಚ್ ಹಿಡಿಯುವ ಜಾಗವನ್ನು ಸ್ಕ್ಯಾನರ್ ಮೂಲಕ ಕಂಪ್ಯೂಟರಿಗೆ ಹೊಸದಾಗಿ ಕಲಿಸುವುದು. ಗೇರ್‌ಬಾಕ್ಸ್ ಬಿಸಿ 30ರಿಂದ 100 ಡಿಗ್ರಿ ಒಳಗಿರಬೇಕು, ಎಂಜಿನ್ ಐಡಲ್‌ನಲ್ಲಿ, ಲಿವರ್ ಪಿ ಯಲ್ಲಿ, ಕಾಲು ಬ್ರೇಕ್ ಮೇಲೆ. ಮುಗಿಯುವ ತನಕ ಆಕ್ಸಿಲರೇಟರ್ ಮುಟ್ಟಬಾರದು. ಬ್ಯಾಟರಿ ಬದಲಾಯಿಸಿದ ಮೇಲೋ, ಬೇರೆ ಕೆಲಸ ಆದ ಮೇಲೋ ಶುರುವಾದ ಒರಟುತನ ಇದರಲ್ಲೇ ಹೋಗಬಹುದು. ಎರಡು ವಾರ ಚೆನ್ನಾಗಿದ್ದು ಮತ್ತೆ ಹಳೇ ರಾಗ ಹಾಡಿದರೆ ಕ್ಲಚ್ ನಿಜಕ್ಕೂ ಸವೆದಿದೆ. ಮತ್ತೆ ಮತ್ತೆ ಸೆಟ್ಟಿಂಗ್ ಮಾಡಿಸಿ ದುಡ್ಡು ಕಳೆಯಬೇಡಿ.

ಬಿಸಿ ಅನ್ನುವ ಶತ್ರು

2013ರ ಮಾರ್ಚ್‌ನಲ್ಲಿ ಚೀನಾದಲ್ಲಿ 3,84,181 ಕಾರುಗಳನ್ನು ಈ ಡಿಎಸ್‌ಜಿ ತೊಂದರೆಗಾಗಿ ವಾಪಸ್ ಕರೆದರು. ಅದೇ ನವೆಂಬರ್‌ನಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳ ಗೇರ್ ಆಯಿಲ್ ಬದಲಾಯಿಸಲು ಕಂಪನಿ ಮುಂದಾಯಿತು. ಸಿಂಥೆಟಿಕ್ ತೆಗೆದು ಮಿನರಲ್ ಎಣ್ಣೆ. ಸೆಕೆ ಮತ್ತು ತೇವ ಇರುವ ಊರಲ್ಲಿ, ನಿಂತು ನಿಂತು ಹೋಗುವ ಟ್ರಾಫಿಕ್‌ನಲ್ಲಿ ಸಿಂಥೆಟಿಕ್ ಎಣ್ಣೆಯಿಂದ ಒಳಗೆ ಕರೆಂಟಿನ ತೊಂದರೆ ಆಗುತ್ತಿತ್ತು. ಸೆಕೆ, ತೇವ, ಟ್ರಾಫಿಕ್ ಅಂದರೆ ನಮ್ಮ ಊರುಗಳ ಚಿತ್ರವೇ, ಅಲ್ವಾ? ಹಾಗಾಗಿ "ಸಿಂಥೆಟಿಕ್ ಜಾಸ್ತಿ ಒಳ್ಳೇದು" ಅಂತ ಸಿಕ್ಕಿದ್ದನ್ನು ಸುರಿಸಬೇಡಿ. ನಿಮ್ಮ ಚಾಸಿ ನಂಬರಿಗೆ ಯಾವುದು ಹೇಳಿದೆಯೋ ಅದೇ ಆಗಬೇಕು.

ಓಡಿಸುವ ರೀತಿಯೂ ಪರೀಕ್ಷೆಯ ಭಾಗವೇ. ಸಿಲ್ಕ್ ಬೋರ್ಡಿನಲ್ಲಿ ಮುಂದಿನ ಕಾರಿಗೆ ಅಂಟಿಕೊಂಡು ಇಂಚಿಂಚೇ ತೆವಳಿಸಿದರೆ ಕ್ಲಚ್ ಅರ್ಧ ಹಿಡಿದು ಉಜ್ಜುತ್ತಲೇ ಇರುತ್ತದೆ. ಒಂದು ವಾರ ಹೀಗೆ ಮಾಡಿ ನೋಡಿ: ಮುಂದೆ ಸ್ವಲ್ಪ ಜಾಗ ಬಿಡಿ, ಆ ಜಾಗ ಸಿಕ್ಕ ಮೇಲೆ ಒಮ್ಮೆಲೇ ಹೋಗಿ, ನಿಂತಾಗ ಬ್ರೇಕ್ ಪೂರ್ತಿ ಒತ್ತಿ. ಬ್ರೇಕ್ ಪೂರ್ತಿ ಒತ್ತಿದರೆ ಕ್ಲಚ್ ಬಿಟ್ಟುಕೊಳ್ಳುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಿಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಇಷ್ಟಕ್ಕೇ ನಡುಕ ಇಳಿದರೆ ಕ್ಲಚ್‌ನಲ್ಲಿ ಇನ್ನೂ ಜೀವ ಇದೆ.

ಬೇರೆ ಕಂಪನಿಯ ಕಾರುಗಳು

ಫೋರ್ಡ್ ಫಿಗೋ, ಇಕೋಸ್ಪೋರ್ಟ್, ಫಿಯೆಸ್ಟಾಗಳ 6 ಗೇರಿನ ಪವರ್‌ಶಿಫ್ಟ್ ಕೂಡ ಒಣ ಕ್ಲಚ್ಚೇ. ಅದರಲ್ಲಿ ನಡುಕ ಕಂಡರೆ ಇನ್‌ಪುಟ್ ಶಾಫ್ಟ್ ಸೀಲಿನಿಂದ ಎಣ್ಣೆ ಸೋರಿ ಕ್ಲಚ್ ಒದ್ದೆಯಾಗಿರುವುದು ಮತ್ತು ಟಿಸಿಎಂ (ಗೇರ್‌ಬಾಕ್ಸಿನ ಕಂಪ್ಯೂಟರ್) ಕೆಡುವುದು, ಈ ಎರಡನ್ನು ಮೊದಲು ನೋಡಿ. ಹ್ಯುಂಡೈ ವೆನ್ಯೂ, ಕಿಯಾ ಸೆಲ್ಟೋಸ್‌ಗಳ 7 ಗೇರಿನ ಡಿಸಿಟಿ ಕೂಡ ಒಣದೇ. ಬಿಸಿಯ ಮಾತು ಅದಕ್ಕೂ ಹೊಂದುತ್ತದೆ. ಟಾಟಾ ಆಲ್ಟ್ರೋಜ್ ಡಿಸಿಎ ಒದ್ದೆ ಕ್ಲಚ್. ಅಲ್ಲಿ ಎಣ್ಣೆ ಮುಖ್ಯ.

ಕ್ಲಚ್ ಬದಲಾಯಿಸಲೇಬೇಕು ಅಂತಾದರೆ

ಗ್ಯಾರೇಜಿನವರನ್ನು ಒಂದು ಪ್ರಶ್ನೆ ಕೇಳಿ: "ಶಿಮ್ ಅಳತೆ ಮಾಡ್ತೀರಾ?" ಶಿಮ್ ಅಂದರೆ ಅಂತರ ಸರಿಮಾಡಲು ಹಾಕುವ ತೆಳು ಲೋಹದ ಬಿಲ್ಲೆ. ಹಳೇ ಮಾದರಿಯ ಕ್ಲಚ್ ಪ್ಯಾಕ್‌ನಲ್ಲಿ ಕೆ1, ಕೆ2 ಎರಡರ ಬೇರಿಂಗಿಗೂ ಗೇಜ್ ಇಟ್ಟು ಅಳೆದು, ಸರಿಯಾದ ದಪ್ಪದ ಶಿಮ್ ಹಾಕಬೇಕು. ಹಳೆಯ ಶಿಮ್ಮನ್ನೇ ಹಾಕಿ ಮುಚ್ಚಿದರೆ ಹೊಸ ಕ್ಲಚ್ ಕೂಡ ಮೊದಲ ದಿನದಿಂದಲೇ ಜಗ್ಗುತ್ತದೆ. ಅದಕ್ಕೆ ಬೇಕಾದ ವಿಶೇಷ ಟೂಲ್ ಇಲ್ಲದವರ ಕೈಗೆ ಈ ಕೆಲಸ ಕೊಡಬೇಡಿ. ಕೆಲಸ ಆದ ಮೇಲೆ ಬೇಸಿಕ್ ಸೆಟ್ಟಿಂಗ್, ಆಮೇಲೆ ಎಲ್ಲ ಗೇರ್ ಮುಟ್ಟುವ ಹಾಗೆ ಒಂದು ಸುತ್ತು ಓಡಿಸಿ ಕಲಿಸುವುದು. ಎರಡೂ ಬಿಲ್ಲಿನಲ್ಲಿ ಇರಲಿ.

ಹಳೇ ಕ್ಲಚ್ ಪ್ಯಾಕನ್ನು ಕೇಳಿ ಪಡೆದು, ಹೊಸದು ಕೂರಿಸುವ ಮುಂಚೆಯೇ ಬೆಳಕಿಗೆ ಹಿಡಿದು ನೋಡಿ. ಲೋಹದ ಮೇಲೆ ನೀಲಿ ಕಲೆ ಇದ್ದರೆ ಬಿಸಿಗೆ ಸುಟ್ಟಿದೆ. ಕಾರಣ ಟ್ರಾಫಿಕ್ ಅಥವಾ ಓಡಿಸಿದ ರೀತಿ. ಲೈನಿಂಗ್ ಸಮವಾಗಿ ತೆಳುವಾಗಿದ್ದರೆ ವಯಸ್ಸಾಗಿದೆ, ಅಷ್ಟೇ. ಒಳಗಿನ ಅಂಚಿನಿಂದ ಹೊರಕ್ಕೆ ಎಣ್ಣೆ ಚಿಮ್ಮಿದ ಗೆರೆ ಕಂಡರೆ ಶಾಫ್ಟಿನ ಸೀಲ್ ಸೋರುತ್ತಿದೆ. ಸೀಲ್ ಹಾಕದೆ ಹೊಸ ಕ್ಲಚ್ ಕೂರಿಸಲು ಬಿಡಬೇಡಿ.